ಸಹಿ ಬಿದ್ದಿದೆ, ಒಪ್ಪಿಗೆ ಸಿಕ್ಕಿಲ್ಲ

ನೋವು ಶುರುವಾಗಿ ಆಸ್ಪತ್ರೆಗೆ ಬಂದ ಹೆಣ್ಣನ್ನು ವೀಲ್‌ಚೇರಿನಲ್ಲಿ ಕೂರಿಸಿ ಲೇಬರ್ ರೂಮಿಗೆ ಕರೆದೊಯ್ಯುತ್ತಾರೆ. ಕೌಂಟರಿನಲ್ಲಿ ಉಳಿದ ಗಂಡನ ಮುಂದೆ ನಾಲ್ಕೈದು ಹಾಳೆಗಳು ಬರುತ್ತವೆ. ಹೆಚ್ಚಿನವು ಇಂಗ್ಲಿಷಿನಲ್ಲಿ, ನಡುನಡುವೆ ಖಾಲಿ ಗೆರೆಗಳು. "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಅವನು ಸಹಿ ಹಾಕುತ್ತಾನೆ. ಅದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ಯಾರ ಮೈಗೆ ಆ ಹಾಳೆ ಸಂಬಂಧಿಸಿದ್ದೋ ಆಕೆಗೆ ಅಂಥದ್ದೊಂದು ಹಾಳೆ ಇದ್ದದ್ದೇ ಗೊತ್ತಿಲ್ಲ. ಮುಂದಿನ ಹತ್ತು ಹದಿನೈದು ಗಂಟೆಗಳಲ್ಲಿ ಏನೇ ನಡೆದರೂ, ಆಮೇಲೆ ಯಾರಾದರೂ ಕೇಳಿದರೆ, "ಸಹಿ ಇದೆಯಲ್ಲ" ಎಂಬ ಒಂದೇ ಉತ್ತರ ಸಿಗುತ್ತದೆ.

ಈ ಉತ್ತರಕ್ಕೆ ಕಾನೂನಿನ ಬಲವಿಲ್ಲ. 1995ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ಲ್ಯಾಪರೋಸ್ಕೋಪಿ (ಹೊಟ್ಟೆಯೊಳಗೆ ಸಣ್ಣ ಕೊಳವೆ ಇಳಿಸಿ ನೋಡುವ) ಪರೀಕ್ಷೆಗೆ ದಾಖಲಾದರು. ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು, ಗರ್ಭಕೋಶ ಮತ್ತು ಅಂಡಾಶಯಗಳನ್ನೇ ತೆಗೆಯಲಾಯಿತು. ಸಮೀರಾ ಕೊಹ್ಲಿ ಪ್ರಕರಣ ಎಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ತೀರ್ಪು ಕೊಟ್ಟಿತು. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಪ್ರಾಪ್ತ ವಯಸ್ಸಿನ, ಬುದ್ಧಿ ಸ್ವಾಧೀನದಲ್ಲಿರುವ ವ್ಯಕ್ತಿಯ ಪರವಾಗಿ ಬೇರೆ ಯಾರೂ ಒಪ್ಪಿಗೆ ಕೊಡುವ ಪ್ರಶ್ನೆಯೇ ಇಲ್ಲ, ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ಸಲ್ಲುವುದಿಲ್ಲ, ಜೀವ ಅಥವಾ ಆರೋಗ್ಯ ಉಳಿಸಲು ತಡಮಾಡುವಂತೆಯೇ ಇಲ್ಲ ಎಂಬ ಸ್ಥಿತಿಯಲ್ಲಿ ಮಾತ್ರ ಕೇಳದೆ ಮುಂದುವರಿಯಬಹುದು ಎಂದು ಕೋರ್ಟ್ ಸ್ಪಷ್ಟಪಡಿಸಿತು. ಒಪ್ಪಿಗೆ ಕೇಳುವಾಗ ಏನೇನು ಹೇಳಬೇಕು ಎಂಬುದೂ ತೀರ್ಪಿನಲ್ಲೇ ಇದೆ: ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಇದೆಯೇ, ಮುಖ್ಯವಾದ ಅಪಾಯಗಳೇನು, ಬೇಡವೆಂದರೆ ಏನಾಗಬಹುದು. ಪರಿಹಾರವಾಗಿ ಸಿಕ್ಕಿದ್ದು 25,000 ರೂಪಾಯಿ; ವೈದ್ಯರಿಗೆ ಶುಲ್ಕ ಕೇಳುವ ಹಕ್ಕೂ ಇಲ್ಲವೆಂದಾಯಿತು. ಮೊತ್ತ ತೀರಾ ಸಣ್ಣದು ಎನ್ನುವವರಿದ್ದಾರೆ, ಆ ಮಾತು ಸರಿಯೇ. ಆದರೆ ತೀರ್ಪಿನ ತತ್ವ ಇಂದಿಗೂ ಪ್ರತಿ ಲೇಬರ್ ರೂಮಿಗೆ ಅನ್ವಯಿಸುತ್ತದೆ.

ಹಾಗಿದ್ದೂ ಗಂಡನ ಸಹಿಯ ಪದ್ಧತಿ ಎಲ್ಲಿಂದ ಬಂತು? ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯಲ್ಲಿ ಒಂದು ಸಾಲಿದೆ: ಶಸ್ತ್ರಚಿಕಿತ್ಸೆಗೆ ಮುನ್ನ ಗಂಡ ಅಥವಾ ಹೆಂಡತಿ, ಅಪ್ರಾಪ್ತರಾದರೆ ತಂದೆತಾಯಿ ಅಥವಾ ಪೋಷಕರು, ಇಲ್ಲವೇ ಸ್ವತಃ ರೋಗಿ, ಪ್ರಸಂಗಕ್ಕೆ ತಕ್ಕಂತೆ, ಬರಹದಲ್ಲಿ ಒಪ್ಪಿಗೆ ಕೊಡಬೇಕು. ಓದಿದ ಕೂಡಲೇ ಗಂಡ ಮೊದಲು, ರೋಗಿ ಕೊನೆ ಎಂಬಂತೆ ಕಾಣುವ ಈ ಸಾಲು ಎರಡು ತಲೆಮಾರಿನ ಆಸ್ಪತ್ರೆ ಗುಮಾಸ್ತರಿಗೆ ಅಭ್ಯಾಸ ಕಲಿಸಿಬಿಟ್ಟಿದೆ. ಆದರೆ ಮೇಲಿನ ತೀರ್ಪಿನ ತತ್ವದಂತೆ, ಸಿಜೇರಿಯನ್ ಬೇಕು ಎಂದು ಹೆಂಡತಿ ಒಪ್ಪಿ, ಗಂಡ ಅಥವಾ ಅತ್ತೆ ಒಪ್ಪದಿದ್ದರೆ ಹೆಂಡತಿಯ ಮಾತೇ ಸಾಕು. ಆಕೆ ಬೇಡವೆಂದು, ಮನೆಯವರು ಬೇಕೆಂದರೂ ಆಕೆಯ ಮಾತೇ ನಡೆಯಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಗಂತೂ ಗಂಡನ ಸಹಿ ಬೇಕಿಲ್ಲ ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ.

"ನೋವಿನಲ್ಲಿ ಕಿರುಚುತ್ತಿರುವವಳು ಯೋಚನೆ ಮಾಡಿ ಒಪ್ಪಿಗೆ ಕೊಡ್ತಾಳಾ?" ಎಂದು ಎಷ್ಟೋ ವೈದ್ಯರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರವೂ ಇದೆ. ಕೆಲಸದ ದೊಡ್ಡ ಪಾಲು ನೋವು ಬರುವ ಮೊದಲೇ ಆಗಬೇಕು. ಎಂಟನೇ ತಿಂಗಳ ಕೊನೆಗೆ, 34-36 ವಾರದ ತಪಾಸಣೆಯಲ್ಲಿ, ಹದಿನೈದು ನಿಮಿಷ ಕೂತು ಮಾತಾಡಿದರೆ ಡ್ರಿಪ್, ಒಳಪರೀಕ್ಷೆ, ಹೊಲಿಗೆ, ಸಿಜೇರಿಯನ್, ರಕ್ತ ಕೊಡುವುದು, ಮುಂದಿನ ಬಸುರು ತಡೆಯುವ ಕಾಪರ್-ಟಿ ಎಲ್ಲದರ ಬಗ್ಗೆ ಹೇಳಿ ಮುಗಿಸಬಹುದು. ಆಕೆಗೆ ಏನು ಬೇಕು, ಏನು ಬೇಡ ಎಂಬುದನ್ನು ತಾಯಿ ಕಾರ್ಡಿನಲ್ಲೋ ಕೇಸ್ ಶೀಟಿನಲ್ಲೋ ಬರೆದಿಡಬಹುದು. ಉಳಿದದ್ದು ಹೆರಿಗೆಯ ಹೊತ್ತಿನಲ್ಲಿ. ನೋವು ಜೋರಾದ ಮೇಲೂ ಹತ್ತು ನಿಮಿಷಕ್ಕೆ ಮೂರರಿಂದ ಐದು ಸಲ, ಒಂದೊಂದೂ 40ರಿಂದ 60 ಸೆಕೆಂಡು ಬರುತ್ತದೆ. ಎರಡರ ನಡುವೆ ಒಂದೆರಡು ನಿಮಿಷ ಬಿಡುವು ಇದ್ದೇ ಇರುತ್ತದೆ. ಮಾತು ಆ ಬಿಡುವಿನಲ್ಲಿ ಆಗಬೇಕು. ನೋವಿನ ತುದಿಯಲ್ಲಿ ಕೇಳಿದ ಪ್ರಶ್ನೆ ಆಕೆಯ ಕಿವಿಗೇ ಬೀಳುವುದಿಲ್ಲ, ಆಗ ಬಂದ "ಹೂಂ" ಎಂಬುದಕ್ಕೆ ಅರ್ಥವೂ ಇಲ್ಲ.

ಒಳಪರೀಕ್ಷೆಯನ್ನೇ ನೋಡಿ. ವಾರ್ಡಿನ ಭಾಷೆಯಲ್ಲಿ ಅದು ಪಿ.ವಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯ ಪ್ರಕಾರ, ಗರ್ಭಕೊರಳು 5 ಸೆಂಟಿಮೀಟರ್ ತೆರೆದು ಹೆರಿಗೆ ಸಕ್ರಿಯ ಹಂತಕ್ಕೆ ಬಂದ ಮೇಲೆ, ತೊಂದರೆಯೇನೂ ಇಲ್ಲದಿದ್ದರೆ, ನಾಲ್ಕು ಗಂಟೆಗೊಮ್ಮೆ ಸಾಕು. ನಡೆಯುವುದು ಬೇರೆ. ಡ್ಯೂಟಿ ಸಿಸ್ಟರ್ ನೋಡುತ್ತಾರೆ, ಪಿಜಿ ವಿದ್ಯಾರ್ಥಿ ನೋಡುತ್ತಾರೆ, ಖಾತ್ರಿಗಾಗಿ ಸೀನಿಯರ್ ನೋಡುತ್ತಾರೆ, ಪಾಳಿ ಬದಲಾದ ಕೂಡಲೇ ಹೊಸಬರು ಮತ್ತೆ ನೋಡುತ್ತಾರೆ. ಬೋಧನಾ ಆಸ್ಪತ್ರೆಗೆ ಸೇರಿದ ಮಾತ್ರಕ್ಕೆ ಎಲ್ಲರ ಕಲಿಕೆಗೂ ಒಪ್ಪಿಗೆ ಕೊಟ್ಟಂತಾಗುವುದಿಲ್ಲ. ವಿದ್ಯಾರ್ಥಿ ನೋಡಬೇಕಿದ್ದರೆ ತಾನು ವಿದ್ಯಾರ್ಥಿ ಎಂದು ಹೇಳಿಯೇ ಕೇಳಬೇಕು. ಪದೇ ಪದೇ ನೋಡುವುದರಿಂದ ಸೋಂಕಿನ ಅಪಾಯವೂ ಹೆಚ್ಚುತ್ತದೆ, ನೀರು ಒಡೆದ ಮೇಲಂತೂ ಇನ್ನೂ ಹೆಚ್ಚು. ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜತೆಗಿರಬೇಕು ಎಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ 17 ರೋಗಿ ಹಕ್ಕುಗಳ ಪಟ್ಟಿಯಲ್ಲಿ ಸೇರಿದೆ.

ಸರಿಯಾಗಿ ಕೇಳುವುದಕ್ಕೆ ಹತ್ತು ಸೆಕೆಂಡು ಸಾಕು. "ಅಮ್ಮಾ, ದಾರಿ ಎಷ್ಟು ತೆರೆದಿದೆ ಅಂತ ಬೆರಳಿನಿಂದ ನೋಡ್ಬೇಕು. ಈ ನೋವು ಇಳೀಲಿ, ಆಮೇಲೆ ನೋಡ್ಲಾ? ತಡ್ಕೊಳ್ಳಕ್ಕೆ ಆಗ್ಲಿಲ್ಲ ಅಂದ್ರೆ ಕೈ ಎತ್ತಿ, ನಿಲ್ಲಿಸ್ತೀನಿ." ಪರದೆ ಎಳೆಯಬೇಕು, ಸೊಂಟದ ಮೇಲೊಂದು ಬಟ್ಟೆ ಹಾಕಬೇಕು, ಕೈ ಎತ್ತಿದರೆ ನಿಜವಾಗಿಯೂ ನಿಲ್ಲಿಸಬೇಕು. ನೋಡಿದ ಮೇಲೆ ಎಷ್ಟು ಸೆಂಟಿಮೀಟರ್ ಎಂದು ಆಕೆಗೇ ಹೇಳಬೇಕು. ತನ್ನ ಮೈಯ ಲೆಕ್ಕವನ್ನು ತನ್ನ ತಲೆಯ ಮೇಲಿಂದ ಇಬ್ಬರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವುದನ್ನು ಕೇಳುತ್ತ ಮಲಗಿರುವ ಅವಮಾನ ನೋವಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ನೋವು ಹೆಚ್ಚಿಸುವ ಡ್ರಿಪ್, ಅಂದರೆ ಆಕ್ಸಿಟೋಸಿನ್, ಹೇಳದೆಯೇ ಸಲೈನ್ ಬಾಟಲಿಗೆ ಸೇರುವ ಔಷಧಿ. 500 ಎಂ.ಎಲ್. ದ್ರಾವಣಕ್ಕೆ 2.5 ಯೂನಿಟ್ ಬೆರೆಸಿ, ನಿಮಿಷಕ್ಕೆ 10 ಹನಿಯಿಂದ ಶುರುಮಾಡಿ, ಅರ್ಧ ಗಂಟೆಗೊಮ್ಮೆ ಹೆಚ್ಚಿಸುತ್ತ ಹೋಗುವುದು ಒಂದು ಸುರಕ್ಷಿತ ಕ್ರಮ. ಇದು ನಡೆಯುವಾಗ ಮಗುವಿನ ಹೃದಯ ಬಡಿತವನ್ನು ಕೇಳುತ್ತಲೇ ಇರಬೇಕು. ಬೇಗ ಮುಗಿಸುವ ಆತುರಕ್ಕೆ ಹನಿ ಜೋರು ಮಾಡಿದರೆ ನೋವಿನ ನಡುವೆ ಬಿಡುವೇ ಇಲ್ಲದಂತಾಗಿ ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಮಗು ಹುಟ್ಟುವ ಮೊದಲು ಇದನ್ನು ಮಾಂಸಖಂಡಕ್ಕೆ ಚುಚ್ಚಲೇಬಾರದು. ಚುಚ್ಚಿದ್ದನ್ನು ವಾಪಸು ತೆಗೆಯಲಾಗದು, ಗರ್ಭಕೋಶವೇ ಹರಿಯಬಹುದು. ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯಲು ಕೊಡುವ 10 ಯೂನಿಟ್ ಚುಚ್ಚುಮದ್ದು ಬೇರೆ, ಅದು ಜೀವ ಉಳಿಸುವ ಮದ್ದು. ಎರಡರ ಹೆಸರೂ ಒಂದೇ ಆದ್ದರಿಂದ "ಇದು ಯಾವುದಕ್ಕೆ ಸಿಸ್ಟರ್?" ಎಂದು ಜತೆಗಿದ್ದವರು ಕೇಳುವುದು ಅಧಿಕಪ್ರಸಂಗವೇನಲ್ಲ.

ಹೆಚ್ಚು ಗಾಯ ಮಾಡುವುದು, ಮೈಗೂ ಮನಸ್ಸಿಗೂ, ಕತ್ತರಿ ಮತ್ತು ಹೊಲಿಗೆ. ಚೊಚ್ಚಲ ಹೆರಿಗೆ ಎಂದರೆ ಕತ್ತರಿಸಲೇಬೇಕು ಎಂಬ ನಂಬಿಕೆ ನಮ್ಮ ಆಸ್ಪತ್ರೆಗಳಲ್ಲಿ ಬೇರೂರಿದೆ. ಯೋನಿದ್ವಾರದ ಅಂಚನ್ನು ಕತ್ತರಿಸಿ ಅಗಲ ಮಾಡುವ ಎಪಿಸಿಯಾಟಮಿಯನ್ನು ಎಲ್ಲರಿಗೂ ವಾಡಿಕೆಯಾಗಿ ಮಾಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಮಗುವಿನ ಬಡಿತ ಕುಸಿಯುತ್ತಿದ್ದರೆ, ಮಗುವಿನ ತಲೆ ಹಿಡಿದೆಳೆಯುವ ಫೋರ್ಸೆಪ್ಸ್ ಹಾಕಬೇಕಾದರೆ ಕಾರಣವಿದೆ. ಆಗಲೂ ಒಂದು ವಾಕ್ಯ ಹೇಳುವಷ್ಟು ಸಮಯ ಇದ್ದೇ ಇರುತ್ತದೆ. ಕತ್ತರಿಸುವ ಮುನ್ನ ಮರಗಟ್ಟಿಸುವ ಮದ್ದು ಕೊಡಬೇಕು. "ನೋವಿನ ಭರದಲ್ಲಿ ಗೊತ್ತಾಗಲ್ಲ" ಎಂಬ ಮಾತು ಎಷ್ಟೋ ಹೆಂಗಸರ ಪಾಲಿಗೆ ಶುದ್ಧ ಸುಳ್ಳು.

ಹೊಲಿಗೆಯ ಹೊತ್ತಿನಲ್ಲಿ ಆಗುವ ತಪ್ಪು ಇನ್ನೂ ಸರಳವಾದದ್ದು: ಯಾರೂ ಕಾಯುವುದಿಲ್ಲ. ಮರಗಟ್ಟಿಸುವ ಮದ್ದಾದ 0.5 ಪ್ರತಿಶತ ಲಿಗ್ನೊಕೇನ್ ಸುಮಾರು 10 ಎಂ.ಎಲ್. ಚುಚ್ಚಿದ ಮೇಲೆ ಎರಡು ನಿಮಿಷ ಕಾಯಬೇಕು. ಆಮೇಲೆ ಇಕ್ಕಳದಿಂದ ಚಿವುಟಿ ನೋಡಬೇಕು. ಆಕೆಗೆ ಗೊತ್ತಾಯಿತೆಂದರೆ ಇನ್ನೂ ಎರಡು ನಿಮಿಷ. ಒಟ್ಟು ನಾಲ್ಕು ನಿಮಿಷದ ತಾಳ್ಮೆ. ಹೊರಗೆ ಇನ್ನಿಬ್ಬರು ಹೆರುವ ಹಂತದಲ್ಲಿದ್ದಾರೆ, ಟೇಬಲ್ ಖಾಲಿಯಾಗಬೇಕು ಎಂಬ ಒತ್ತಡದಲ್ಲಿ ಆ ನಾಲ್ಕು ನಿಮಿಷ ಸಿಗುವುದಿಲ್ಲ, ಮದ್ದು ಹತ್ತುವ ಮೊದಲೇ ಸೂಜಿ ಇಳಿಯುತ್ತದೆ. ಒದ್ದಾಡಿದವಳಿಗೆ "ಮಗು ಹೆತ್ತಿದ್ದೀಯ, ಇಷ್ಟಕ್ಕೆ ಕೂಗ್ತೀಯಾ" ಎಂಬ ಬೈಗುಳ. ಹರಿದದ್ದು ಗುದದ್ವಾರದ ಸ್ನಾಯುವಿನವರೆಗೂ ಹೋಗಿದ್ದರೆ, ಅಂದರೆ ಮೂರನೇ ಅಥವಾ ನಾಲ್ಕನೇ ಹಂತದ ಹರಿದ ಗಾಯವಾದರೆ, ಲೇಬರ್ ಟೇಬಲ್ಲಿನ ಮೇಲೆ ಹೊಲಿಯಲು ಹೋಗಬಾರದು. ಆಪರೇಷನ್ ಥಿಯೇಟರಿನ ಬೆಳಕು, ಸರಿಯಾದ ಅರಿವಳಿಕೆ, ಅನುಭವಿ ಕೈ ಬೇಕು. ಗಮನಿಸದೆ ಬಿಟ್ಟರೆ ಗಾಳಿ, ಮಲ ಹಿಡಿತ ತಪ್ಪುತ್ತದೆ. ಆಕೆ ಅದನ್ನು ಯಾರ ಬಳಿಯೂ ಹೇಳಿಕೊಳ್ಳದೆ ವರ್ಷಗಟ್ಟಲೆ ಮದುವೆ ಮನೆಗಳಿಂದಲೂ ಬಸ್ಸುಗಳಿಂದಲೂ ದೂರ ಉಳಿಯುತ್ತಾಳೆ. ಇನ್ನು "ಗಂಡನಿಗಾಗಿ ಒಂದು ಹೊಲಿಗೆ ಜಾಸ್ತಿ" ಎಂಬ ತಮಾಷೆಗೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಅದರಿಂದ ಆಕೆಗೆ ಸಿಗುವುದು ಕೂಡುವಾಗಿನ ನೋವು ಮಾತ್ರ.

ಮಗು ಕೆಳಗಿಳಿಯಲಿ ಎಂದು ಮೇಲ್ಹೊಟ್ಟೆಯನ್ನು ಮೊಣಕೈಯಿಂದಲೋ ಇಡೀ ಮೈಭಾರದಿಂದಲೋ ಒತ್ತುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ. ಹಿಂದೆ ಸಿಜೇರಿಯನ್ ಆದವರಲ್ಲಿ ಹಳೆಯ ಗಾಯ ಬಿರಿಯುವ ಭಯವೂ ಉಂಟು. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಕೆಳಹೊಟ್ಟೆ ಒತ್ತಿ ನೋಡುವುದು, ತಿಕ್ಕುವುದು ಬೇರೆ. ಅದು ರಕ್ತಸ್ರಾವದ ವಿರುದ್ಧದ ಕಾವಲು. ಅದೂ ನೋಯುತ್ತದೆ, ಆದ್ದರಿಂದ ಹೇಳಿ ಮಾಡಬೇಕು.

ಸಿಜೇರಿಯನ್ನಿನ ಬಗ್ಗೆ ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಬೆನ್ನಿಗೆ ಚುಚ್ಚಿದ ಮದ್ದು ಹತ್ತಿದೆಯೇ ಎಂದು ಚಾಕು ಇಡುವ ಮೊದಲು ತಣ್ಣನೆಯ ಸ್ಪಿರಿಟ್ ಸವರಿಯೋ ಚಿವುಟಿಯೋ ನೋಡಬೇಕು. ಎಳೆತ, ಒತ್ತಡ ಗೊತ್ತಾಗುವುದು ಸಹಜ. ಚೂಪಾದ ನೋವು ಸಹಜವಲ್ಲ. ಆಕೆ "ನೋಯ್ತಿದೆ" ಎಂದರೆ "ಭಯ ಬಿದ್ದಿದೀಯ ಅಷ್ಟೆ" ಎಂದು ತಳ್ಳಿಹಾಕುವಂತಿಲ್ಲ. ಕೈ ತಡೆದು, ಮದ್ದು ಹೆಚ್ಚಿಸಿ, ಬೇಕಾದರೆ ಪೂರ್ಣ ಅರಿವಳಿಕೆ ಕೊಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31 ದಾಟಿದ ಹೆರಿಗೆಗಳು ಸಿಜೇರಿಯನ್. ಅಷ್ಟು ಹೆಂಗಸರ ಮಾತಿದು.

ಮಾಸು ಬಿದ್ದ ಹತ್ತು ನಿಮಿಷದೊಳಗೆ, ಇಲ್ಲವೇ ಸಿಜೇರಿಯನ್ ನಡುವೆಯೇ, ಕಾಪರ್-ಟಿ ಹಾಕಬಹುದು. ಒಳ್ಳೆಯ ಸಾಧನವದು. ಹಾಗಿದ್ದೂ ಒಪ್ಪಿಗೆಯಿಲ್ಲದೆ ಹಾಕಿದ ಕಾಪರ್-ಟಿ, ತಿಂಗಳುಗಳ ನಂತರ ಸ್ಕ್ಯಾನಿಂಗಿನಲ್ಲಿ ಆಕೆಗೇ ಮೊದಲ ಬಾರಿ ಗೊತ್ತಾಗುವಂಥದ್ದು, ಮುಂದೆ ಆಕೆ ಆಸ್ಪತ್ರೆಯ ಮೇಲೆ ನಂಬಿಕೆ ಇಡದಂತೆ ಮಾಡಿಬಿಡುತ್ತದೆ. ಇದನ್ನು ಕೇಳಬೇಕಾದದ್ದು ಬಸುರಿಯಿದ್ದಾಗಲೇ.

ತುರ್ತಿನ ಮಾತು ಬೇರೆ, ಇದನ್ನು ಮುಚ್ಚಿಟ್ಟರೆ ವೈದ್ಯರಿಗೆ ಅನ್ಯಾಯವಾಗುತ್ತದೆ. ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲು ಜಾರಿ ಬಂದರೆ, ತಲೆ ಬಂದು ಭುಜ ಸಿಕ್ಕಿಕೊಂಡರೆ, ರಕ್ತ ನಿಲ್ಲದಿದ್ದರೆ, ನಿಮಿಷಗಳಲ್ಲಿ ಕೆಲಸ ಆಗಬೇಕು. ಒಪ್ಪಿಗೆ ಪಡೆಯಲಾಗದ ಸ್ಥಿತಿಯಲ್ಲಿ ಸದ್ಭಾವನೆಯಿಂದ ಮಾಡಿದ ಚಿಕಿತ್ಸೆಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ಆದರೆ ತುರ್ತಿನಲ್ಲೂ ಒಬ್ಬರು ಆಕೆಯ ತಲೆಯ ಬಳಿ ನಿಂತು, ಮುಖ ನೋಡುತ್ತ, "ಮಗುವಿನ ಭುಜ ಸಿಕ್ಕಿದೆ, ಕಾಲು ಎದೆಗೆ ಒತ್ತಿ ಹಿಡೀತೀವಿ, ನಾವೆಲ್ಲ ಇದ್ದೀವಿ" ಎನ್ನಬಹುದು. ಆ ಕೆಲಸಕ್ಕೆ ಸಿಸ್ಟರ್ ಆದರೂ ಸರಿ, ಆಯಾ ಆದರೂ ಸರಿ. ಮರುದಿನ, ಬಿಡುಗಡೆಗೆ ಮೊದಲು, ಕತ್ತರಿ ಹಿಡಿದ ವೈದ್ಯರೇ ಹಾಸಿಗೆಯ ಬಳಿ ಕೂತು ಏನಾಯಿತು, ಯಾಕಾಯಿತು, ಮುಂದಿನ ಬಸುರಿಗೆ ಇದರಿಂದ ಏನಾದರೂ ಉಂಟೇ ಎಂದು ಹೇಳಬೇಕು. ತುರ್ತಿನ ಹೆರಿಗೆ ದಾಟಿದ ಎಷ್ಟೋ ಹೆಂಗಸರು ಆಮೇಲೆ ಹುಡುಕುವುದು ಆ ಹತ್ತು ನಿಮಿಷದ ಮಾತನ್ನೇ.

ಹಿಂದೆ ಸೂಲಗಿತ್ತಿಯ ಕೈಯಲ್ಲಿ ಹೆರಿಗೆಯಾಗುತ್ತಿದ್ದಾಗ ಜೀವಕ್ಕೆ ಭರವಸೆ ಕಡಿಮೆಯಿತ್ತು. ಇಂದು ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿರುವುದು ಸಣ್ಣ ಸಾಧನೆಯಲ್ಲ. ಈ ದಾರಿಯಲ್ಲಿ ಕಳೆದುಹೋದದ್ದು ಬೆನ್ನು ನೀವುವ ಪರಿಚಿತ ಕೈ. ಅದನ್ನು ಮರಳಿ ತರಲು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಲೇಬರ್ ರೂಮಿನಲ್ಲಿ ಜತೆಗಾತಿಯೊಬ್ಬರಿಗೆ ಅವಕಾಶ ಕೊಟ್ಟಿತು. 2017ರ ಡಿಸೆಂಬರಿನಲ್ಲಿ ಶುರುವಾದ 'ಲಕ್ಷ್ಯ' ಕಾರ್ಯಕ್ರಮ ಗೌರವದ ಆರೈಕೆಯನ್ನು ಲೇಬರ್ ರೂಮಿನ ಗುಣಮಟ್ಟದ ಭಾಗವಾಗಿಸಿತು. ತಾಯಿಯೋ ಅಕ್ಕನೋ ಪಕ್ಕದಲ್ಲಿದ್ದರೆ ಬೈಗುಳ ತಾನಾಗಿ ಕಡಿಮೆಯಾಗುತ್ತದೆ. ಜಾಗವಿಲ್ಲ, ಪಕ್ಕದ ಟೇಬಲ್ಲಿನವರ ಮಾನ ಉಳಿಯಬೇಕು ಎಂಬ ಆಕ್ಷೇಪಕ್ಕೆ ಎರಡು ಮಂಚದ ನಡುವೆ ಒಂದು ಪರದೆ ಸಾಕು.

ಬೈಗುಳದ ಬಗ್ಗೆಯೂ ನೇರವಾಗಿ ಮಾತಾಡಬೇಕು. "ಗಂಡನ ಜತೆ ಮಲಗುವಾಗ ಗೊತ್ತಾಗ್ಲಿಲ್ವಾ" ಎಂಬ ಮಾತು, ತೊಡೆಗೆ ಬೀಳುವ ಏಟು, "ಮುಕ್ಕದಿದ್ರೆ ಮಗು ಸತ್ತೋಗುತ್ತೆ ನೋಡು" ಎಂಬ ಬೆದರಿಕೆ ಇವನ್ನು ಆಡುವವರೆಲ್ಲ ಕ್ರೂರಿಗಳಲ್ಲ. ಒಂದು ಪಾಳಿಯಲ್ಲಿ ಒಬ್ಬರೇ ನಾಲ್ಕೈದು ಹೆರಿಗೆ ನೋಡುವ ಸಿಸ್ಟರ್, ಮಗುವಿಗೆ ಏನಾದರೂ ಆದರೆ ಮೊದಲು ತನ್ನ ಮೇಲೆಯೇ ಬರುತ್ತದೆಂಬ ಹೆದರಿಕೆಯಲ್ಲಿ, ತನ್ನ ಹಿರಿಯರಿಂದ ಕಲಿತದ್ದನ್ನೇ ಮಾಡುತ್ತಾರೆ. ಬೈದರೆ ಮುಕ್ಕುತ್ತಾರೆ ಎಂದು ಅವರು ನಿಜವಾಗಿಯೂ ನಂಬಿದ್ದಾರೆ. ಆದರೆ ಭಯಗೊಂಡ ಮೈ ಬಿಗಿಯುತ್ತದೆ, ಅಡ್ರಿನಲಿನ್ ಏರಿದರೆ ನೋವಿನ ಲಯವೇ ಕೆಡಬಹುದು. ಬಡ ಹೆಂಗಸಿಗೆ, ದಲಿತ ಮತ್ತು ಮುಸ್ಲಿಂ ಹೆಂಗಸಿಗೆ, ಮೂರನೇ ಹೆರಿಗೆಗೆ ಬಂದವಳಿಗೆ, ಕನ್ನಡ ಬಾರದ ವಲಸೆ ಕೂಲಿಯ ಹೆಂಡತಿಗೆ ಈ ಮಾತುಗಳು ಹೆಚ್ಚು ಬೀಳುತ್ತವೆ ಎಂಬುದನ್ನು ಮಾತ್ರ ಯಾವ ಕೆಲಸದ ಒತ್ತಡವೂ ವಿವರಿಸಲಾರದು.

ಮನೆಗೆ ಬಂದ ಮೇಲೆ ಏನಾಗುತ್ತದೆ? ಮಗು ಆರೋಗ್ಯವಾಗಿದೆ, ಬಾಣಂತನ ನಡೆಯುತ್ತಿದೆ, ನೋಡಲು ಬಂದವರೆಲ್ಲ "ಮಗು ಚೆನ್ನಾಗಿದೆಯಲ್ಲ, ಇನ್ನೇನು" ಎನ್ನುತ್ತಾರೆ. ಆಕೆಗೆ ಕಣ್ಣು ಮುಚ್ಚಿದರೆ ಲೇಬರ್ ರೂಮಿನ ದೀಪ ಕಾಣುತ್ತದೆ. ಡೆಟಾಲ್ ವಾಸನೆಗೆ ಎದೆ ಹೊಡೆದುಕೊಳ್ಳುತ್ತದೆ. ಹೊಲಿಗೆ ತೋರಿಸಲು ಹೋಗಬೇಕಾದ ದಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ಮಗು ಮಲಗಿದರೂ ತಾನು ನಿದ್ದೆ ಮಾಡಲಾರಳು, ಗಂಡ ಮೈ ಮುಟ್ಟಿದರೆ ಬೆಚ್ಚುತ್ತಾಳೆ. ಇವು ಒಂದು ತಿಂಗಳು ದಾಟಿಯೂ ಉಳಿದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆಯಾಗಿರಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಹೆತ್ತ ನೂರು ಜನರಲ್ಲಿ ಸುಮಾರು ನಾಲ್ವರಿಗೆ ಇದು ಕಂಡಿತು. ಹೆಚ್ಚು ಅಪಾಯದ ಗುಂಪುಗಳಲ್ಲಿ ಹದಿನೆಂಟರ ಆಸುಪಾಸು. ಖಿನ್ನತೆ ಇದರ ಜತೆಗೇ ಬರಬಹುದು, ಬೇರೆಯಾಗಿಯೂ ಬರಬಹುದು. ಹೆರಿಗೆಯಾದ ಎರಡು ವಾರದೊಳಗೆ ಹಠಾತ್ತಾಗಿ ನಿದ್ದೆ ಪೂರಾ ಹೋಗಿ, ಅಸಂಬದ್ಧ ಮಾತು, ಇಲ್ಲದ ದನಿಗಳು, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಶುರುವಾದರೆ ಅದು ಮೂರನೆಯ ಬಗೆ. ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದ ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು.

ನೆರವು ದೂರವೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ದಾಖಲಾಗುವ ವಿಭಾಗವಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳು ಫಲ ಕೊಡುತ್ತವೆ. ಒಂದು ಎಚ್ಚರ: ಆಗಿದ್ದನ್ನೆಲ್ಲ ಒಂದೇ ಸಲ ಒತ್ತಾಯದಿಂದ ಹೇಳಿಸಿ ಹಗುರ ಮಾಡಲು ಹೊರಡಬೇಡಿ, ಅದರಿಂದ ಲಾಭವಿಲ್ಲ. ಆಕೆ ಹೇಳಿದಾಗ, ಹೇಳಿದಷ್ಟನ್ನು ಕೇಳಿ.

ದೂರು ಕೊಡಬೇಕೆನ್ನಿಸಿದರೆ ಮೊದಲು ದಾಖಲೆ ಬೇಕು. ಬರಹದಲ್ಲಿ ಕೇಳಿದ 72 ಗಂಟೆಯೊಳಗೆ ಕೇಸ್ ಶೀಟಿನ ಪ್ರತಿ ಕೊಡಬೇಕೆಂಬುದು ಅದೇ 2002ರ ನಿಯಮಾವಳಿಯಲ್ಲಿದೆ. ಡಿಸ್ಚಾರ್ಜ್ ಸಾರಾಂಶ ಸಾಲದು. ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿಯಿತೆಂದು ಗುರುತಿಸುವ ಚಾರ್ಟ್), ನರ್ಸ್ ಬರೆದ ಟಿಪ್ಪಣಿ, ಔಷಧಿ ಪಟ್ಟಿ, ಒಪ್ಪಿಗೆ ಪತ್ರ ಎಲ್ಲವನ್ನೂ ಹೆಸರಿಸಿ ಕೇಳಿ. ಖಾಸಗಿ ಆಸ್ಪತ್ರೆಯಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ, ಗ್ರಾಹಕರ ಆಯೋಗವೂ ಇದೆ. ಅಲ್ಲಿ ಎರಡು ವರ್ಷದ ಗಡುವು. ಎಲ್ಲರಿಗೂ ಪೂರ್ತಿ ಉಚಿತ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆ 1995ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಗ್ರಾಹಕ ಕಾನೂನಿನ ಹೊರಗಿದೆ. ಅಲ್ಲಿ ವೈದ್ಯಕೀಯ ಅಧೀಕ್ಷಕರು, ರಾಜ್ಯ ಮಾನವ ಹಕ್ಕುಗಳ ಆಯೋಗ, ಲಂಚ ಕೇಳಿದ್ದರೆ ಲೋಕಾಯುಕ್ತ. ನೆನಪು ಮಾಸುವ ಮೊದಲೇ ಯಾವ ಹೊತ್ತಿಗೆ ಯಾರು ಏನು ಮಾಡಿದರು, ಏನು ಹೇಳಿದರು ಎಂದು ಆಕೆಯ ಮಾತಿನಲ್ಲೇ ಬರೆದು ತಾರೀಖು ಹಾಕಿಡಿ.

ಎರಡನೇ ಬಸುರಿಗೆ ಬಂದಾಗ ಮೊದಲ ಭೇಟಿಯಲ್ಲೇ ಹಳೆಯ ಹೆರಿಗೆಯ ಬಗ್ಗೆ ಕೇಳುತ್ತಾರೆ: ನಾರ್ಮಲ್ಲೋ ಸಿಜೇರಿಯನ್ನೋ, ಮಗುವಿನ ತೂಕ ಎಷ್ಟು. ಆ ಸಾಲಿನ ಕೆಳಗೆ ಇನ್ನೊಂದನ್ನು ಸೇರಿಸಲು ಜಾಗವಿದೆ. "ಹಿಂದಿನ ಹೆರಿಗೆಯಲ್ಲಿ ತುಂಬಾ ಹೆದರಿದ್ದಾರೆ. ಹೇಳದೆ ಒಳಪರೀಕ್ಷೆ ಮಾಡಬಾರದು. ಅಕ್ಕ ಜತೆಗಿರುತ್ತಾರೆ." ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಇಷ್ಟು ಬರೆದರೆ, ಮಧ್ಯರಾತ್ರಿ ಪಾಳಿಗೆ ಬಂದ ಹೊಸ ಸಿಸ್ಟರಿಗೂ ಅರ್ಥವಾಗುತ್ತದೆ.